ದೂರದ ಹಕ್ಕಿ, ನಡುವಿನ ಗಾಜು: ಟೆಲಿಕನ್ವರ್ಟರಿನ ಲೆಕ್ಕಾಚಾರ

ಕಳೆದ ವರ್ಷದ ಮಾಘ ಮಾಸದ ಒಂದು ಶನಿವಾರ, ಇಳಿಹೊತ್ತಿನಲ್ಲಿ, ನನ್ನ ಸೋದರಳಿಯನು ಹೆಂಡತಿ ಮತ್ತು ಮಗಳೊಡನೆ ನಮ್ಮ ಮನೆಗೆ ಬಂದನು. ಆತನು ಮಂಡ್ಯ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಸಮಾಜವಿಜ್ಞಾನದ ಅಧ್ಯಾಪಕ. ಬಿಡುವಿನ ದಿನಗಳಲ್ಲಿ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಕೆರೆಯಂಗಳ, ನದಿಯ ದಡ ಎಂದು ಹಕ್ಕಿಗಳ ಬೆನ್ನು ಹತ್ತಿ ಅಲೆಯುವುದು ಅವನ ಹವ್ಯಾಸ. ಕಾಫಿ ಮುಗಿಯುವ ಮೊದಲೇ ಚೀಲದಿಂದ ಎರಡು ಸಣ್ಣ ಪೊಟ್ಟಣಗಳನ್ನು ತೆಗೆದು ಮೇಜಿನ ಮೇಲಿಟ್ಟನು. ಒಳಗೆ ಕರಿಯ ಬಳೆಗಳಂತಹ ಎರಡು ವಸ್ತುಗಳು. ಒಂದೊಂದೂ ಕಾಲು ಕಿಲೋ ಆಸುಪಾಸಿನ ತೂಕ. ನಡುವೆ ಫಳಫಳಿಸುವ ಗಾಜು.

“ಮಾವ, ಇದಕ್ಕೆ ಟೆಲಿಕನ್ವರ್ಟರ್ ಎನ್ನುತ್ತಾರೆ. ಇದು ಒಂದೂ ಕಾಲು ಚಿಲ್ಲರೆ ಪಟ್ಟು, ಅದು ಎರಡು ಪಟ್ಟು. ಎರಡು ಪಟ್ಟಿನದನ್ನು ಹಾಕಿದರೆ ನನ್ನ ಮುನ್ನೂರರ ಲೆನ್ಸು ಆರುನೂರಾಗುತ್ತದಂತೆ. ಆರುನೂರರ ಲೆನ್ಸು ಕೊಳ್ಳಬೇಕೆಂದರೆ ಮನೆಯನ್ನೇ ಮಾರಬೇಕು. ಇದಕ್ಕೆ ಅದರ ಹತ್ತನೆಯ ಒಂದು ಭಾಗವೂ ಇಲ್ಲ. ಅಂಗಡಿಯವರು ಎರಡು ದಿನ ಪರೀಕ್ಷಿಸಿ ನೋಡಿ ಎಂದು ಕೊಟ್ಟಿದ್ದಾರೆ” ಎಂದನು.

ಮಾತಿನ ಹಿಂದೆ ಇನ್ನೊಂದು ಮಾತಿರುವುದು ನನಗೆ ತಿಳಿಯದೆ ಇರಲಿಲ್ಲ. ಮಗಳ ಕಾಲೇಜಿನ ಪ್ರವೇಶಕ್ಕೆಂದು ತೆಗೆದಿರಿಸಿದ್ದ ಹಣದಿಂದ ಇದನ್ನು ಕೊಳ್ಳುವ ಯೋಚನೆ ಅವನದು. ಅದಕ್ಕೆ ಹೆಂಡತಿಯ ಒಪ್ಪಿಗೆ ಇಲ್ಲ. “ನೀವು ಒಂದು ಮಾತು ಹೇಳಿದರೆ ಇವಳು ಇಲ್ಲವೆನ್ನುವುದಿಲ್ಲ” ಎಂಬುದು ಅವನ ಬರವಿನ ಉದ್ದೇಶ. ತಿಳಿಯದ ವಸ್ತುವಿನ ಬಗೆಗೆ ಮಾತು ಕೊಡುವುದು ಹೇಗೆ? ಮೊದಲು ಅದು ಏನು ಮಾಡುತ್ತದೆ ಎಂಬುದನ್ನು ಅರಿಯೋಣ, ಆಮೇಲೆ ಹಣದ ಮಾತು ಎಂದೆನು. ಆ ಎರಡು ದಿನಗಳಲ್ಲಿ ನಾವು ಅರಿತುದು ಈ ಲೇಖನ.

ಮಠದ ಪಾಠಶಾಲೆಯಲ್ಲಿ ವ್ಯಾಕರಣವನ್ನೂ ಕಾವ್ಯವನ್ನೂ ಓದಿದವನಿಗೆ ಕ್ಯಾಮೆರಾದ ಮಸೂರದ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಓಲೆಗರಿಯ ಗ್ರಂಥಗಳನ್ನು ಓದುವವನಿಗೆ ಮಸೂರದ ಒಡನಾಟ ತಪ್ಪಿದ್ದಲ್ಲ. ನನ್ನ ಮೇಜಿನ ಮೇಲೆ ನಲವತ್ತು ವರ್ಷಗಳಿಂದ ಒಂದು ಭೂತಗನ್ನಡಿ ಇದೆ. ಅದರ ಮೂಲಕ ಎಷ್ಟು ಅಕ್ಷರಗಳನ್ನು ನೋಡಿದ್ದೇನೋ, ಅದರಿಂದ ಅಷ್ಟೇ ಸಲ ಮೋಸವನ್ನೂ ಹೋಗಿದ್ದೇನೆ. ಆ ಮೋಸದ ವಿಚಾರ ಮುಂದೆ ಬರುತ್ತದೆ.

ಅಂದು ಹೊರಗೆ ಇನ್ನೂ ಬಿಸಿಲಿತ್ತು. ನಡುಮನೆಯ ಬಾಗಿಲುಗಳನ್ನು ಮುಚ್ಚಿ, ಒಂದೇ ಕಿಟಕಿಯನ್ನು ತೆರೆದಿಟ್ಟು, ಕಿಟಕಿಯಿಂದ ಒಳಗೆ ಭೂತಗನ್ನಡಿಯನ್ನು ಹಿಡಿದು, ಅದರ ಹಿಂದೆ ಒಂದು ಬಿಳಿಯ ಕಾಗದವನ್ನು ಹಿಡಿಯುವಂತೆ ಹುಡುಗಿಗೆ ಹೇಳಿದೆನು. ಕಾಗದವನ್ನು ಹಿಂದೆ ಮುಂದೆ ಸರಿಸುತ್ತ ಬಂದಾಗ, ಸುಮಾರು ಇಪ್ಪತ್ತೈದು ಸೆಂಟಿಮೀಟರ್ ದೂರದಲ್ಲಿ ಹೊರಗಿನ ತೆಂಗಿನ ಮರ ತಲೆಕೆಳಗಾಗಿ, ಚಿಕ್ಕದಾಗಿ, ಆದರೆ ಬಲು ಸ್ಪಷ್ಟವಾಗಿ ಕಾಗದದ ಮೇಲೆ ಮೂಡಿತು. ಗರಿಗಳು ಗಾಳಿಗೆ ಅಲುಗುವುದೂ ಕಾಣುತ್ತಿತ್ತು. ನಡುವೆ ಉಬ್ಬಿದ ಇಂತಹ ಗಾಜಿಗೆ ಪೀನಮಸೂರವೆಂದು ಹೆಸರು. ದೂರದ ವಸ್ತುವಿನಿಂದ ಬಂದ ಕಿರಣಗಳನ್ನು ಅದು ಒಳಕ್ಕೆ ಬಾಗಿಸಿ ಒಂದೆಡೆ ಕೂಡಿಸುತ್ತದೆ. ಮಸೂರದಿಂದ ಆ ಕೂಡುವ ಸ್ಥಾನದವರೆಗಿನ ಅಂತರವೇ ಸಂಗಮದೂರ. ಅಳಿಯನ ‘ಮುನ್ನೂರರ ಲೆನ್ಸು’ ಎಂದರೆ 300 ಮಿಲಿಮೀಟರ್ ಸಂಗಮದೂರದ ಮಸೂರ. ಸಂಗಮದೂರ ಹೆಚ್ಚಿದಷ್ಟೂ ದೂರದ ವಸ್ತುವಿನ ಬಿಂಬ ದೊಡ್ಡದಾಗುತ್ತದೆ. ಎರಡು ಪಟ್ಟಾದರೆ ಬಿಂಬವೂ ಉದ್ದದಲ್ಲಿ ಎರಡು ಪಟ್ಟು.

“ಈಗ ನಿನ್ನ ಕನ್ನಡಕ ಕೊಡು” ಎಂದು ಹುಡುಗಿಯನ್ನು ಕೇಳಿದೆನು. ಅವಳಿಗೆ ಸಮೀಪದೃಷ್ಟಿ; ಮೈನಸ್ ನಾಲ್ಕರ ಗಾಜು. ನಡುವೆ ತೆಳುವಾಗಿ ಅಂಚಿನಲ್ಲಿ ದಪ್ಪವಾದ ನಿಮ್ನಮಸೂರ ಅದು. ಪೀನಮಸೂರಕ್ಕೆ ತದ್ವಿರುದ್ಧವಾಗಿ ಕಿರಣಗಳನ್ನು ಹೊರಕ್ಕೆ ಚೆದುರಿಸುವಂಥದು. (ನಮ್ಮ ಮಠದ ಹಿರಿಯರು ಕನ್ನಡಕವನ್ನು ‘ಸುಲೋಚನ’ ಎಂದೇ ಕರೆಯುತ್ತಿದ್ದರು. ಎಂತಹ ಸೊಗಸಾದ ಶಬ್ದ! ಈಗ ಯಾರೂ ಬಳಸರು.) ಆ ಕನ್ನಡಕದ ಒಂದು ಗಾಜನ್ನು ಭೂತಗನ್ನಡಿಗೂ ಕಾಗದಕ್ಕೂ ಸರಿಯಾಗಿ ನಡುವೆ ಹಿಡಿದಾಗ ಕಾಗದದ ಮೇಲಿನ ತೆಂಗಿನ ಮರ ಕರಗಿಹೋಗಿ ಬರಿಯ ಬೆಳಕಿನ ಮಸುಕು ಉಳಿಯಿತು. ಕಾಗದವನ್ನು ಮೆಲ್ಲನೆ ಹಿಂದಕ್ಕೆ ಸರಿಸುತ್ತ ಹೋದಂತೆ, ಕನ್ನಡಕದಿಂದ ಇಪ್ಪತ್ತೈದು ಸೆಂಟಿಮೀಟರ್ ಹಿಂದೆ ಮರ ಮತ್ತೆ ಮೂಡಿತು. ಆದರೆ ಈಗ ಅದರ ಎತ್ತರ ಮೊದಲಿನ ಎರಡು ಪಟ್ಟು!

“ತಾತ, ದೊಡ್ಡದೇನೋ ಆಯಿತು, ಆದರೆ ಮಂಕಾಗಿದೆ” ಎಂದಳು ಹುಡುಗಿ. ಕನ್ನಡಕವಿಲ್ಲದೆಯೇ ಅವಳು ಕಂಡ ಈ ಮಂಕಿನಲ್ಲಿ ಟೆಲಿಕನ್ವರ್ಟರಿನ ಅರ್ಧ ಶಾಸ್ತ್ರ ಅಡಗಿದೆ. ಓದುಗರೂ ಮನೆಯಲ್ಲಿ ಇದನ್ನು ಮಾಡಿ ನೋಡಬಹುದು. ಆದರೆ ಭೂತಗನ್ನಡಿಯನ್ನು ಸೂರ್ಯನ ಕಡೆಗೆ ತಿರುಗಿಸಬಾರದು, ಮಕ್ಕಳ ಕೈಗೆ ಅದನ್ನೊಂದನ್ನೇ ಬಿಟ್ಟು ಹೋಗಲೂ ಬಾರದು.

ಇಲ್ಲಿ ನಡೆದುದೇನು? ಪೀನಮಸೂರದಿಂದ ಹೊರಟ ಬೆಳಕು ಒಂದು ಶಂಕುವಿನ ಆಕಾರದಲ್ಲಿ ಸಾಗಿ ತುದಿಯಲ್ಲಿ ಕೂಡುತ್ತದೆ. ಪುಟ್ಟ ಮಕ್ಕಳಿಗೆ ಕಡಲೆಕಾಯಿ ಕಟ್ಟಿಕೊಡುವ ಕಾಗದದ ಪೊಟ್ಟಣದಂತೆ. ತುದಿ ಮುಟ್ಟುವ ಮೊದಲೇ ನಿಮ್ನಮಸೂರ ಅಡ್ಡ ಬಂದು ಆ ಶಂಕುವನ್ನು ಕೊಂಚ ಬಿಡಿಸುತ್ತದೆ. ಕೂಡುವ ಆತುರ ತಗ್ಗಿದ ಕಿರಣಗಳು ಇನ್ನೂ ಮುಂದೆ ಹೋಗಿ, ಹೆಚ್ಚು ಕಿರಿದಾದ ಕೋನದಲ್ಲಿ ಸಂಧಿಸುತ್ತವೆ. ಈ ಕಿರಿದಾದ ಶಂಕುವನ್ನು ಹಿಂದಕ್ಕೆ ಎಳೆದುಕೊಂಡು ಹೋದರೆ ಅದು ಐವತ್ತು ಸೆಂಟಿಮೀಟರ್ ದೂರದಲ್ಲಿರುವ ಅಷ್ಟೇ ಅಗಲದ ಒಂದು ಮಸೂರದಿಂದ ಬಂದಂತೆ ತೋರುತ್ತದೆ. ಆದರೆ ನಿಜವಾಗಿ ನಾವು ಹಿಡಿದಿದ್ದ ಸಲಕರಣೆಯ ಒಟ್ಟು ಉದ್ದ ಮೂವತ್ತೇಳೂವರೆ ಸೆಂಟಿಮೀಟರ್ ಮಾತ್ರ. ಉದ್ದ ಕಡಿಮೆ, ಸಂಗಮದೂರ ಹೆಚ್ಚು. ಇದೇ ಅದರ ಲಾಭ. ಟೆಲಿಕನ್ವರ್ಟರ್ ಎಂಬುದು ಕ್ಯಾಮೆರಾಕ್ಕೂ ಅದರ ಲೆನ್ಸಿಗೂ ನಡುವೆ ಕೂಡಿಸುವ, ಒಟ್ಟಾರೆ ಚೆದುರಿಸುವ ಗುಣವುಳ್ಳ ಮಸೂರಗಳ ಗುಂಪು. ಹುಡುಗಿಯ ಕನ್ನಡಕವೇ ಅಲ್ಲಿ ಲೋಹದ ಕವಚ ತೊಟ್ಟು ಕುಳಿತಿದೆ ಎನ್ನಬಹುದು.

ಇನ್ನು ಮಂಕು. ಭೂತಗನ್ನಡಿಯ ಬಾಯಿ ಎಷ್ಟಗಲವೋ ಅಷ್ಟೇ ಬೆಳಕು ಒಳಗೆ ಬಂದಿದೆ. ಕನ್ನಡಕವನ್ನು ಹಿಂದೆ ಹಿಡಿದುದರಿಂದ ಮುಂದಿನ ಬಾಯಿ ದೊಡ್ಡದಾಗಲಿಲ್ಲ. ಅದೇ ಬೆಳಕು ಈಗ ಎರಡು ಪಟ್ಟು ಉದ್ದ, ಎರಡು ಪಟ್ಟು ಅಗಲ, ಅಂದರೆ ನಾಲ್ಕು ಪಟ್ಟು ವಿಸ್ತಾರದ ಮೇಲೆ ಹರಡಬೇಕು. ಒಂದು ಸೇರು ಹಿಟ್ಟಿನಲ್ಲಿ ಒಂದು ರೊಟ್ಟಿಯನ್ನು ಎಷ್ಟು ದೊಡ್ಡದಾಗಿ ತಟ್ಟಿದರೂ ಹಿಟ್ಟು ಸೇರೇ, ರೊಟ್ಟಿ ತೆಳುವಾಗುತ್ತದೆ. ಎರಡು ಪಟ್ಟಿನ ಕನ್ವರ್ಟರಿನಲ್ಲಿ ಪ್ರತಿ ಚುಕ್ಕೆಗೆ ಸಿಗುವ ಬೆಳಕು ನಾಲ್ಕನೆಯ ಒಂದು ಭಾಗ. 1.4 ಪಟ್ಟಿನದರಲ್ಲಿ ಅರ್ಧ, ಏಕೆಂದರೆ 1.4ನ್ನು 1.4ರಿಂದ ಗುಣಿಸಿದರೆ ಹೆಚ್ಚುಕಡಿಮೆ 2. ಆ ವಿಚಿತ್ರ ಸಂಖ್ಯೆಯನ್ನು ಆರಿಸಿದ ಕಾರಣವೂ ಇದೇ.

ಛಾಯಾಗ್ರಾಹಕರ ಭಾಷೆಯಲ್ಲಿ ಇದನ್ನು ‘ಎಫ್’ ಸಂಖ್ಯೆಯಿಂದ ಹೇಳುತ್ತಾರೆ. ಸಂಗಮದೂರವನ್ನು ಬೆಳಕು ನುಗ್ಗುವ ಬಾಯಿಯ ಅಗಲದಿಂದ ಭಾಗಿಸಿದರೆ ಬರುವುದೇ ಆ ಸಂಖ್ಯೆ. ಅದು ಚಿಕ್ಕದಾದಷ್ಟೂ ಬಿಂಬ ಪ್ರಕಾಶಮಾನ. ಅಳಿಯನ ಲೆನ್ಸು 300 ಮಿ.ಮೀ., ಎಫ್/4. ಅಂದರೆ ಅದರ ಬಾಯಿ 75 ಮಿ.ಮೀ. 1.4ರ ಕನ್ವರ್ಟರ್ ಹಾಕಿದಾಗ ಸಂಗಮದೂರ 420, ಬಾಯಿ ಅದೇ 75, ಭಾಗಿಸಿದರೆ ಎಫ್/5.6. ಎರಡು ಪಟ್ಟಿನದನ್ನು ಹಾಕಿದರೆ 600, ಬಾಯಿ ಮತ್ತೆ 75, ಎಫ್/8. ನಿಜವಾದ 600 ಮಿ.ಮೀ., ಎಫ್/4 ಲೆನ್ಸಿನ ಬಾಯಿ 150 ಮಿ.ಮೀ. ಇರುತ್ತದೆ, ಅದು ಕುಡಿಯುವ ಬೆಳಕು ನಾಲ್ಕು ಪಟ್ಟು. ಅಷ್ಟು ದೊಡ್ಡ ಗಾಜನ್ನು ದೋಷವಿಲ್ಲದೆ ಎರೆದು ಉಜ್ಜುವ ಶ್ರಮಕ್ಕೇ ಅಷ್ಟು ಬೆಲೆ, ಮೂರು ಕಿಲೋ ಮೀರಿದ ತೂಕ. ‘ಮುನ್ನೂರು ಆರುನೂರಾಗುತ್ತದೆ’ ಎಂಬ ಅಂಗಡಿಯವರ ಮಾತು ಸುಳ್ಳಲ್ಲ. ಆದರೆ ಯಾವ ಆರುನೂರು ಎಂಬುದನ್ನು ಅವರು ಹೇಳಿರಲಿಲ್ಲ.

ಈ ಉಪಾಯ ಇಂದಿನದಲ್ಲ. 1609ರಲ್ಲಿ ಗೆಲಿಲಿಯೊ ಆಕಾಶಕ್ಕೆ ತಿರುಗಿಸಿದ ದೂರದರ್ಶಕದಲ್ಲಿಯೇ ಒಂದು ಪೀನ, ಒಂದು ನಿಮ್ನ ಮಸೂರಗಳಿದ್ದವು. ಎರಡು ವರ್ಷಗಳ ಬಳಿಕ, 1611ರಲ್ಲಿ, ಕೆಪ್ಲರನು ಬೆಳಕಿನ ಬಾಗುವಿಕೆಯನ್ನು ಕುರಿತ ತನ್ನ ‘ಡಯೋಪ್ಟ್ರಿಸ್’ ಎಂಬ ಗ್ರಂಥದಲ್ಲಿ, ಪೀನಮಸೂರದ ಹಿಂದೆ ನಿಮ್ನಮಸೂರವನ್ನಿಟ್ಟು ದೊಡ್ಡ ಬಿಂಬವನ್ನು ಪರದೆಯ ಮೇಲೆ ಮೂಡಿಸಬಹುದೆಂದು ವಿವರಿಸಿದನು. ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದಲ್ಲಿ ಇಂಗ್ಲೆಂಡಿನ ವೂಲಿಚ್‌ನ ಸೈನಿಕ ವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದ ಪೀಟರ್ ಬಾರ್ಲೊ ಎಂಬಾತನು ದೂರದರ್ಶಕಗಳಿಗೆ ಇಂತಹ ನಿಮ್ನಮಸೂರವನ್ನು ಅಳವಡಿಸುವ ಲೆಕ್ಕ ಹಾಕಿಕೊಟ್ಟನು. ಇಂದಿಗೂ ಹವ್ಯಾಸಿ ಖಗೋಳಾಸಕ್ತರು ಅದನ್ನು ಬಾರ್ಲೊ ಮಸೂರವೆಂದೇ ಕರೆಯುತ್ತಾರೆ. 1891ರಲ್ಲಿ ಲಂಡನ್ನಿನ ಥಾಮಸ್ ಡಾಲ್‌ಮೆಯರ್ ಇದೇ ತತ್ತ್ವದ ಮೇಲೆ ಕ್ಯಾಮೆರಾಕ್ಕೆ ಟೆಲಿಫೋಟೊ ಮಸೂರವನ್ನು ರೂಪಿಸಿದನು. ಅದೇ ಕಾಲದಲ್ಲಿ ಜರ್ಮನಿಯಲ್ಲಿಯೂ ಇದೇ ಯತ್ನ ನಡೆದಿತ್ತು. ಇಂದಿನ ಟೆಲಿಕನ್ವರ್ಟರ್ ಈ ವಂಶದ ಕುಡಿ. ಕ್ಯಾನನ್ ಸಂಸ್ಥೆಯವರು ಇದನ್ನು ಎಕ್ಸ್‌ಟೆಂಡರ್ ಎನ್ನುತ್ತಾರೆ, ನಿಕಾನಿನವರು ಟೆಲಿಕನ್ವರ್ಟರ್ ಎನ್ನುತ್ತಾರೆ. ಹೆಸರು ಬೇರೆಯಾದರೂ ವಸ್ತು ಒಂದೇ.

ಹುಡುಗಿಯ ಕನ್ನಡಕದಿಂದ ಮೂಡಿದ ಮರದ ಅಂಚಿನಲ್ಲಿ ನೀಲಿ, ಕೆಂಪು ಬಣ್ಣದ ಸಣ್ಣ ಝರಿ ಕಾಣುತ್ತಿತ್ತು. ಒಂದೇ ಗಾಜು ಬೇರೆ ಬೇರೆ ಬಣ್ಣಗಳನ್ನು ಬೇರೆ ಬೇರೆಯಾಗಿ ಬಾಗಿಸುವುದರ ಫಲ ಅದು. ಈ ದೋಷವನ್ನು ನೀಗಲು ಕನ್ವರ್ಟರಿನಲ್ಲಿ ಒಂದೇ ಗಾಜನ್ನು ಇಡುವುದಿಲ್ಲ. ಗುಣ ಬೇರೆಯಾದ ಐದರಿಂದ ಒಂಬತ್ತರವರೆಗೆ ಗಾಜುಗಳನ್ನು, ಒಂದರ ತಪ್ಪನ್ನು ಇನ್ನೊಂದು ತಿದ್ದುವಂತೆ ಜೋಡಿಸುತ್ತಾರೆ. ಅಗ್ಗದ ಕನ್ವರ್ಟರಿಗೂ ಒಳ್ಳೆಯದಕ್ಕೂ ಇರುವ ಅಂತರದ ಬಹುಪಾಲು ಈ ಜೋಡಣೆಯಲ್ಲಿದೆ. ಇನ್ನೊಂದು ಮಾತನ್ನು ಕೊಳ್ಳುವವರು ಮರೆಯಬಾರದು. ಅನೇಕ ಕನ್ವರ್ಟರುಗಳ ಮುಂದಿನ ಗಾಜು ಹೊರಕ್ಕೆ ಚಾಚಿಕೊಂಡು ಲೆನ್ಸಿನ ಬೆನ್ನೊಳಕ್ಕೆ ಹೊಗುತ್ತದೆ. ಎಲ್ಲ ಲೆನ್ಸುಗಳ ಬೆನ್ನಿನಲ್ಲಿಯೂ ಅಷ್ಟು ಜಾಗವಿರುವುದಿಲ್ಲ. ತಯಾರಕರು ಕೊಟ್ಟ ಹೊಂದಾಣಿಕೆಯ ಪಟ್ಟಿಯನ್ನು ನೋಡದೆ ತಿರುಗಿಸಿ ಕೂಡಿಸಹೊರಟರೆ ಗಾಜಿಗೆ ಗಾಜು ತಾಗಿ ಎರಡೂ ಹಾಳು.

ಒಂದು ಗುಣವನ್ನು ಮಾತ್ರ ಯಾವ ಮರೆಯೂ ಇಲ್ಲದೆ ಹೊಗಳಬೇಕು. ಪ್ರತಿಯೊಂದು ಲೆನ್ಸಿಗೂ ‘ಇದಕ್ಕಿಂತ ಹತ್ತಿರ ಬಂದರೆ ನನಗೆ ಕಾಣದು’ ಎಂಬ ಒಂದು ಮಿತಿಯಿದೆ. ಕನ್ವರ್ಟರ್ ಕೂಡಿಸಿದರೂ ಆ ಮಿತಿ ಬದಲಾಗದು. ಮುಂದಿನ ಲೆನ್ಸು ತನ್ನ ಬಿಂಬವನ್ನು ಎಲ್ಲಿ ಮೂಡಿಸಬೇಕೋ ಅಲ್ಲಿಯೇ ಮೂಡಿಸಹೊರಡುತ್ತದೆ. ಕನ್ವರ್ಟರ್ ಅದನ್ನು ಎತ್ತಿಕೊಂಡು ಹಿಂದಕ್ಕೆ ಒಯ್ದು ದೊಡ್ಡದು ಮಾಡುತ್ತದೆ, ಅಷ್ಟೆ. ಆದ್ದರಿಂದ ಹತ್ತಿರದ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳನ್ನು ಅದೇ ದೂರದಿಂದ ಎರಡು ಪಟ್ಟು ದೊಡ್ಡದಾಗಿ ಹಿಡಿಯಬಹುದು, ಅವುಗಳ ಮೇಲೆ ನೆರಳು ಬೀಳಿಸದೆ.

ಮರುದಿನ ಬೆಳಿಗ್ಗೆ ನಾವೆಲ್ಲರೂ ರಂಗನತಿಟ್ಟಿಗೆ ಹೋದೆವು. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿರುವ ಈ ಪಕ್ಷಿಧಾಮ, ಸಲೀಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನದ ಕಾಲದಲ್ಲಿ, 1940ರಲ್ಲಿ ಘೋಷಿತವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕುಳಿತು ಬಂಡೆಗಳ ಮೇಲೆ ಬಾಯಿ ತೆರೆದು ಬಿದ್ದಿದ್ದ ಮೊಸಳೆಗಳನ್ನು ದಾಟಿ ಹೋದೆವು. ಮರಗಳ ತುಂಬ ಬಣ್ಣದ ಕೊಕ್ಕರೆ, ಚಮಚದಂತಹ ಕೊಕ್ಕಿನ ಹಕ್ಕಿಗಳು, ಹೆಜ್ಜಾರ್ಲೆಗಳು. ಒಂದು ಮರದಿಂದ ಸುಮಾರು ಮೂವತ್ತು ಮೀಟರ್ ದೂರದಲ್ಲಿ ದೋಣಿ ನಿಂತಿತು. ಅಳಿಯನು ಇನ್ನಷ್ಟು ಹತ್ತಿರ ಒಯ್ಯುವಂತೆ ಕೇಳಿದನು. ಹುಟ್ಟು ಹಾಕುತ್ತಿದ್ದವರು ಒಪ್ಪಲಿಲ್ಲ. “ಬ್ಯಾಡಿ ಸ್ವಾಮಿ, ಇನ್ನೂ ಒತ್ತಿ ಹೋದ್ರೆ ತಾಯಿ ಹಕ್ಕಿ ಎದ್ಬಿಡ್ತವೆ. ಮರಿಗಳು ಬಿಸ್ಲಲ್ಲಿ ಬೇಯ್ತವೆ, ಕಾಗೆ ಹದ್ದು ಕಾಯ್ತಾ ಇರ್ತವೆ” ಎಂದರು. ಗೂಡಿನ ಮೇಲೆ ರೆಕ್ಕೆ ಬಿಡಿಸಿ ನಿಂತು ಮರಿಗಳಿಗೆ ನೆರಳು ಕೊಡುತ್ತಿದ್ದ ಒಂದು ಕೊಕ್ಕರೆಯನ್ನು ಆಗಲೇ ನಾವು ಕಂಡಿದ್ದೆವು. ಅಳಿಯನು ಮತ್ತೆ ಕೇಳಲಿಲ್ಲ. ಕನ್ವರ್ಟರ್ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಆ ಕ್ಷಣ ಹೊಸ ತೂಕ ಬಂದಿತು. ಹತ್ತಿರ ಹೋಗಬಾರದ ಕಡೆ ದೂರದಲ್ಲಿಯೇ ನಿಲ್ಲಲು ಅದು ನೆರವಾಗುವುದಾದರೆ ಅದನ್ನು ಬರಿಯ ಷೋಕಿಯೆಂದು ತಳ್ಳಿಹಾಕುವಂತಿಲ್ಲ.

ಲೆಕ್ಕ ನೋಡಿ. ಮೂವತ್ತು ಮೀಟರ್ ದೂರದ ವಸ್ತು 300 ಮಿ.ಮೀ. ಲೆನ್ಸಿನಲ್ಲಿ ತನ್ನ ಗಾತ್ರದ ನೂರನೆಯ ಒಂದು ಭಾಗವಾಗಿ ಮೂಡುತ್ತದೆ. ಒಂದು ಮೀಟರ್ ಎತ್ತರಕ್ಕೆ ನಿಂತ ಹೆಜ್ಜಾರ್ಲೆ ಸೆನ್ಸರಿನ ಮೇಲೆ ಹತ್ತು ಮಿಲಿಮೀಟರ್. ಅಳಿಯನ ಕ್ಯಾಮೆರಾದ ಸೆನ್ಸರ್ 36ಕ್ಕೆ 24 ಮಿ.ಮೀ. ಇರುವುದರಿಂದ ಹತ್ತು ಮಿಲಿಮೀಟರ್ ಸಾಕಷ್ಟಾಯಿತು. 1.4ರದು ಹದಿನಾಲ್ಕು, ಎರಡರದು ಇಪ್ಪತ್ತು. ಇಪ್ಪತ್ತಕ್ಕೆ ಹಕ್ಕಿ ರೆಕ್ಕೆ ಬಿಚ್ಚಿತೆಂದರೆ ಚೌಕಟ್ಟಿನಿಂದ ಹೊರಗೆ! ಆದರೆ ಅಲ್ಲಿಯೇ ಬಂಡೆಯ ಮೇಲೆ ಕುಳಿತಿದ್ದ ಹದಿನಾರು ಸೆಂಟಿಮೀಟರಿನ ಪುಟ್ಟ ಮಿಂಚುಳ್ಳಿಯ ಬಿಂಬ 1.6 ಮಿ.ಮೀ. ಮಾತ್ರ. ಎರಡು ಪಟ್ಟು ಮಾಡಿದರೂ 3.2. ಅದಕ್ಕೆ ಯಾವ ಕನ್ವರ್ಟರೂ ಸಾಲದು. ಅದು ತಾನಾಗಿ ಹತ್ತಿರ ಬಂದು ಕೂರುವವರೆಗೆ ಕಾಯಬೇಕು.

ಹಕ್ಕಿಗಳು ಕೊಂಬೆಗಳ ನೆರಳಿನಲ್ಲಿದ್ದವು. ಬರಿಯ ಲೆನ್ಸಿನಲ್ಲಿ ಸೆಕೆಂಡಿನ ಸಾವಿರದ ಒಂದು ಭಾಗ ಷಟರ್ ತೆರೆದರೆ ಸಾಕಾಗುತ್ತಿತ್ತು. 1.4ನ್ನು ಕೂಡಿಸಿದಾಗ ಐನೂರರ ಒಂದು ಭಾಗ. 2ನ್ನು ಕೂಡಿಸಿದಾಗ ಇನ್ನೂರೈವತ್ತರ ಒಂದು ಭಾಗ. ಇಲ್ಲಿ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ಬಿಂಬವನ್ನು ದೊಡ್ಡದು ಮಾಡುವ ಗಾಜು ಕೈಯ ನಡುಕವನ್ನೂ ಅಷ್ಟೇ ದೊಡ್ಡದು ಮಾಡುತ್ತದೆ. ಕೈಯಲ್ಲಿ ಹಿಡಿದು ತೆಗೆಯುವವರು 600 ಮಿ.ಮೀ.ಗೆ ಆರುನೂರರ ಒಂದು ಭಾಗಕ್ಕಿಂತ ನಿಧಾನ ಹೋಗಬಾರದೆಂಬುದು ಹಳೆಯ ರೂಢಿ. ಬೇಗ ಮುಚ್ಚಬೇಕಾದ ಹೊತ್ತಿನಲ್ಲಿಯೇ ಹೆಚ್ಚು ಹೊತ್ತು ತೆರೆದಿಡಬೇಕಾಗಿ ಬರುತ್ತದೆ. ದೋಣಿಯೋ ತೊಟ್ಟಿಲಿನಂತೆ ತೂಗುತ್ತಿತ್ತು. ಮುಕ್ಕಾಲಿಯ ಸ್ಟ್ಯಾಂಡು ಅಲ್ಲಿ ನಿಷ್ಪ್ರಯೋಜಕ. ಫಿಲ್ಮಿನ ದಿನಗಳಲ್ಲಿ ಇದಕ್ಕೆ ಉಪಾಯವೇ ಕಡಿಮೆ. ಒಳಗಿರುವ ರೀಲಿನ ಸಂವೇದನೆ ಎಷ್ಟೋ ಅಷ್ಟೇ. ಈಗ ಐಎಸ್‌ಒ ಸಂಖ್ಯೆಯನ್ನು 400ರಿಂದ 1600ಕ್ಕೆ ಏರಿಸಿಕೊಳ್ಳಬಹುದು, ಚಿತ್ರದಲ್ಲಿ ಮರಳು ಚೆಲ್ಲಿದಂತಹ ಕಾಳುಗಳು ಹೆಚ್ಚುವುದನ್ನು ಸಹಿಸಿಕೊಂಡು.

ತೊಂದರೆ ಇನ್ನೊಂದಿತ್ತು. ಲೆನ್ಸು ತಾನೇ ಗುರಿ ಹಿಡಿದು ಸ್ಪಷ್ಟಗೊಳಿಸಿಕೊಳ್ಳುವ ಯಂತ್ರಕ್ಕೂ ಬೆಳಕು ಬೇಕು. ಕನ್ನಡಿಯುಳ್ಳ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಹಲವು ಎಫ್/5.6ರ ಆಚೆ ಈ ಕೆಲಸವನ್ನು ಸರಿಯಾಗಿ ಮಾಡಲಾರವು. ಉತ್ತಮವಾದವು ಎಫ್/8ರವರೆಗೆ, ಅದೂ ನಡುವಿನ ಒಂದಷ್ಟು ಬಿಂದುಗಳಲ್ಲಿ ಮಾತ್ರ. ಅಳಿಯನ ಕ್ಯಾಮೆರಾ ಎರಡು ಪಟ್ಟಿನ ಗಾಜಿನೊಡನೆ ಹಿಂದೆ ಮುಂದೆ ತಡಕಾಡುತ್ತಿರುವಾಗಲೇ ಒಂದು ಹೆಜ್ಜಾರ್ಲೆ ನೀರಿಗಿಳಿದು, ಮೀನು ನುಂಗಿ, ಹಾರಿಯೂ ಹೋಯಿತು. ಕನ್ನಡಿಯಿಲ್ಲದ ಈಚಿನ ಕ್ಯಾಮೆರಾಗಳು ಎಫ್/11 ಮತ್ತು ಅದರಾಚೆಗೂ ಗುರಿ ಹಿಡಿಯಬಲ್ಲವಾದ್ದರಿಂದ ಟೆಲಿಕನ್ವರ್ಟರಿಗೆ ಈಗ ಮರುಹುಟ್ಟು ಬಂದಂತಾಗಿದೆ. ಲೆನ್ಸಿನ ಒಡಲಿನಲ್ಲಿಯೇ ಕನ್ವರ್ಟರನ್ನು ಅಡಗಿಸಿ, ಒಂದು ಸನ್ನೆಯನ್ನು ಒತ್ತಿದರೆ ಒಳಗೆ ಬರುವಂತೆ ಮಾಡಿದ ಲೆನ್ಸುಗಳೂ ಇವೆ: ಕ್ಯಾನನ್ನಿನ 200-400 ಮಿ.ಮೀ. ಲೆನ್ಸು 2013ರಲ್ಲಿ, ನಿಕಾನಿನ 400 ಮತ್ತು 600 ಮಿ.ಮೀ. ಲೆನ್ಸುಗಳು 2022ರಲ್ಲಿ ಹೀಗೆ ಬಂದವು. ಅವುಗಳ ಬೆಲೆಯನ್ನು ಇಲ್ಲಿ ಬರೆದು ಓದುಗರ ಮನಸ್ಸನ್ನು ಕಲಕುವುದಿಲ್ಲ.

ರಾತ್ರಿ ಊಟದ ಬಳಿಕ ಚಿತ್ರಗಳನ್ನು ಕಂಪ್ಯೂಟರಿನ ಪರದೆಯ ಮೇಲೆ ಹಾಕಿ ನೋಡಿದೆವು. ಒಂದೇ ಜಾಗದಿಂದ, ಒಂದೇ ಕೊಕ್ಕರೆಯನ್ನು, ಮೂರು ರೀತಿಯಲ್ಲಿ ತೆಗೆದಿದ್ದನು. ಬರಿಯ ಲೆನ್ಸಿನ ಚಿತ್ರವನ್ನು ಕತ್ತರಿಸಿ ಹಿಗ್ಗಿಸಿ ಉಳಿದೆರಡರ ಗಾತ್ರಕ್ಕೆ ತಂದು ಪಕ್ಕಪಕ್ಕದಲ್ಲಿಟ್ಟೆವು. ಕನ್ವರ್ಟರಿನ ಬೆಲೆ ಗೊತ್ತಾಗುವುದು ಈ ಹೋಲಿಕೆಯಲ್ಲಿಯೇ ಹೊರತು ಅಂಗಡಿಯ ಮಾತಿನಲ್ಲಲ್ಲ. 1.4ರ ಚಿತ್ರ ಕತ್ತರಿಸಿದ ಚಿತ್ರಕ್ಕಿಂತ ಮೇಲಾಗಿತ್ತು. ಕೊಕ್ಕರೆಯ ಬೆನ್ನಿನ ಗುಲಾಬಿ ಗರಿಗಳ ಎಳೆ ಎಳೆಯೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಎರಡು ಪಟ್ಟಿನದರಲ್ಲಿ ಹಕ್ಕಿ ದೊಡ್ಡದೇ, ಆದರೆ ತೆಳುವಾದ ಮಲ್ಲಿನ ಬಟ್ಟೆಯ ಹಿಂದಿನಿಂದ ನೋಡಿದಂತೆ. ಕತ್ತರಿಸಿ ಹಿಗ್ಗಿಸಿದ ಚಿತ್ರಕ್ಕೂ ಅದಕ್ಕೂ ವ್ಯತ್ಯಾಸ ಹೇಳುವುದೇ ಕಷ್ಟವಾಗಿತ್ತು. ರಂಧ್ರವನ್ನು ಎಫ್/11ಕ್ಕೆ ಕಿರಿದು ಮಾಡಿ ತೆಗೆದ ಒಂದೆರಡರಲ್ಲಿ ಮಲ್ಲು ಸರಿದಿತ್ತು, ಆದರೆ ದೋಣಿಯ ತೂಗಾಟ ಅವನ್ನು ಕೆಡಿಸಿತ್ತು.

ಮೊದಲು ಹೇಳಿದ ಭೂತಗನ್ನಡಿಯ ಮೋಸ ಇದೇ. ಓಲೆಗರಿಯ ಮೇಲೆ ಕಂಠದಿಂದ ಕೊರೆದು ಮಸಿ ತುಂಬಿದ ಅಕ್ಷರ ಸಣ್ಣದಾಗಿದ್ದು ಸ್ಪಷ್ಟವಾಗಿದ್ದರೆ ಭೂತಗನ್ನಡಿ ಉಪಕಾರಿ. ಮಸಿ ಹಾರಿ, ಗೆರೆ ಸವೆದ ಅಕ್ಷರದ ಮೇಲೆ ಅದನ್ನು ಹಿಡಿದರೆ ಸವೆತವೇ ದೊಡ್ಡದಾಗಿ ಕಾಣುತ್ತದೆ. ಹೊಸಬನಾಗಿದ್ದಾಗ ಅಂತಹ ಕಡೆ ಇಲ್ಲದ ಒತ್ತಕ್ಷರವನ್ನು ಕಂಡು, ಪಾಠ ಬರೆದು, ಗುರುಗಳಿಂದ ಬೈಸಿಕೊಂಡದ್ದುಂಟು. ಕನ್ವರ್ಟರೂ ಹೊಸ ವಿವರವನ್ನು ತರುವುದಿಲ್ಲ. ಮುಂದಿನ ಲೆನ್ಸು ತಂದುಕೊಟ್ಟುದನ್ನು ಹಿಗ್ಗಿಸುತ್ತದೆ. ಲೆನ್ಸಿನ ಮಸುಕು ಮಿಲಿಮೀಟರಿನ ನೂರನೆಯ ಒಂದು ಭಾಗವಿದ್ದರೆ ಅದು ನೂರನೆಯ ಎರಡು ಭಾಗವಾಗುತ್ತದೆ, ಜೊತೆಗೆ ತನ್ನದೂ ಒಂದಿಷ್ಟು.

ಹಾಗಾದರೆ 1.4ರಲ್ಲಿ ವಿವರ ಹೆಚ್ಚಿದ್ದು ಹೇಗೆ? ಅವನ ಸೆನ್ಸರಿನ ಅಗಲದಲ್ಲಿ ಆರು ಸಾವಿರ ಚುಕ್ಕೆಗಳಿವೆ. ಒಂದೊಂದು ಚುಕ್ಕೆ ಆರು ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಸಾವಿರದ ಆರು ಭಾಗ. ಲೆನ್ಸು ಇದಕ್ಕಿಂತಲೂ ನವಿರಾದ ವಿವರವನ್ನು ತಂದುಕೊಡುತ್ತಿತ್ತು. ಹಿಡಿದುಕೊಳ್ಳುವ ಬಲೆಯ ಕಣ್ಣು ದೊಡ್ಡದಾಗಿ ಅದು ಸೋರಿಹೋಗುತ್ತಿತ್ತು. ಬಿಂಬವನ್ನು ಸ್ವಲ್ಪ ಹಿಗ್ಗಿಸಿದ್ದರಿಂದ ಆ ವಿವರ ಬಲೆಗೆ ಸಿಕ್ಕಿತು. ಎರಡು ಪಟ್ಟು ಹಿಗ್ಗಿಸುವ ಹೊತ್ತಿಗೆ ಹಿಡಿಯಲು ಏನೂ ಉಳಿದಿರಲಿಲ್ಲ. ಬೆಳಕು ಅಲೆಯಾಗಿ ಸಾಗುವುದರಿಂದ, ಎಷ್ಟೇ ಪರಿಪೂರ್ಣವಾದ ಲೆನ್ಸಾದರೂ ಒಂದು ಬಿಂದುವನ್ನು ಬಿಂದುವಾಗಿಯೇ ಮೂಡಿಸಲಾರದು. ಎಫ್/8ರಲ್ಲಿ ಅದು ಸುಮಾರು ಹನ್ನೊಂದು ಮೈಕ್ರೋಮೀಟರಿನ ಪುಟ್ಟ ಬಿಲ್ಲೆಯಾಗಿ ಬೀಳುತ್ತದೆ. ಆ ಬಿಲ್ಲೆಯ ಅಳತೆ ನಿಂತಿರುವುದು ಕೊನೆಗೆ ಮುಂದಿನ ಬಾಯಿಯ ಅಗಲದ ಮೇಲೆ, ಆ 75 ಮಿಲಿಮೀಟರಿನ ಮೇಲೆ. ಹಿಂದೆ ಏನನ್ನೇ ಕೂಡಿಸಿದರೂ ಆ ಬಾಯಿ ಹಿಗ್ಗದು. ಸೆನ್ಸರಿನ ಚುಕ್ಕೆಗಳು ಇನ್ನೂ ಸಣ್ಣವಾಗಿರುವ ಕ್ಯಾಮೆರಾಗಳಲ್ಲಿ 1.4ರ ಲಾಭವೂ ಅಷ್ಟಕ್ಕೆ ಕುಗ್ಗುತ್ತದೆ. ಕತ್ತರಿಸಿ ಹಿಗ್ಗಿಸಿದರೂ ಹೆಚ್ಚುಕಡಿಮೆ ಅದೇ ಸಿಗುತ್ತದೆ.

ಹೆಸರಿನಿಂದ ಮೋಸಹೋಗಬಾರದ ಇನ್ನೆರಡು ವಸ್ತುಗಳಿವೆ. ಕೆಲವು ಕ್ಯಾಮೆರಾಗಳ ಪಟ್ಟಿಯಲ್ಲಿ ‘ಡಿಜಿಟಲ್ ಟೆಲಿಕನ್ವರ್ಟರ್’ ಎಂದಿರುತ್ತದೆ. ಅಲ್ಲಿ ಗಾಜೂ ಇಲ್ಲ, ಬೆಳಕಿನ ವ್ಯವಹಾರವೂ ಇಲ್ಲ. ಚಿತ್ರದ ನಡುಭಾಗವನ್ನು ಕ್ಯಾಮೆರಾವೇ ಕತ್ತರಿಸಿ ಕೊಡುತ್ತದೆ. ಎಕ್ಸ್‌ಟೆನ್ಷನ್ ಟ್ಯೂಬ್ ಎಂಬುದು ನೋಡಲು ಕನ್ವರ್ಟರಿನಂತೆಯೇ ಇದ್ದರೂ ಒಳಗೆ ಬರಿಯ ಟೊಳ್ಳು. ಹೂವು, ಇರುವೆಗಳಂತಹ ಹತ್ತಿರದ ವಸ್ತುಗಳಿಗೆ ಅದು ಸರಿ, ದೂರದ ಹಕ್ಕಿಗೆ ನಿರುಪಯೋಗಿ. ಮೊಬೈಲಿನ ಮುಂದೆ ಸಿಕ್ಕಿಸುವ ದೂರದ ಮಸೂರದ ತುಂಡುಗಳದು ಬೇರೆಯೇ ಜಾತಿ. ಅವು ಗೆಲಿಲಿಯೊನ ದೂರದರ್ಶಕದ ಸಂತಾನ.

ಇಷ್ಟಾದ ಮೇಲೆ ಅಳಿಯನೇ ಹೇಳಿದನು: “ಮಾವ, ಎರಡರದು ಬೇಡ.” ಸೊಸೆ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. 1.4ರದಾದರೂ ಹೊಸದನ್ನು ಕೊಳ್ಳುವ ಅವಸರವೇನೆಂದು ನಾನು ಕೇಳಿದೆನು. ಸೋಮವಾರ ಎರಡೂ ಪೊಟ್ಟಣಗಳು ಅಂಗಡಿಗೆ ಮರಳಿದವು. ಜ್ಯೇಷ್ಠದಲ್ಲಿ ಮಗಳ ಕಾಲೇಜಿನ ಶುಲ್ಕ ಕಟ್ಟಿಯಾಯಿತು. ದಸರೆಯ ಹೊತ್ತಿಗೆ ಮೈಸೂರಿನ ಹವ್ಯಾಸಿಯೊಬ್ಬರು ತಮ್ಮ ಹಳೆಯ 1.4ರ ಕನ್ವರ್ಟರನ್ನು ಮಾರುತ್ತಿರುವರೆಂದು ತಿಳಿದು, ತನ್ನ ಲೆನ್ಸಿಗೆ ಕೂಡಿಸಿ ನೋಡಿ, ಗಾಜಿನಲ್ಲಿ ಬೂಷ್ಟು ಹಿಡಿದಿಲ್ಲವೆಂದು ಟಾರ್ಚಿನ ಬೆಳಕಿನಲ್ಲಿ ಪರೀಕ್ಷಿಸಿ, ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆಗೆ ಕೊಂಡನು. ಸೊಸೆ ಹಳೆಯ ಸೀರೆಯ ಅಂಚಿನಲ್ಲಿ ಒಂದು ಚೀಲ ಹೊಲಿದು, ಒಣ ಅವರೆಕಾಳು ತುಂಬಿ ಕೊಟ್ಟಳು. ಗೋಡೆಯ ಮೇಲೋ ಕಾರಿನ ಕಿಟಕಿಯ ಮೇಲೋ ಅದನ್ನಿಟ್ಟು ಲೆನ್ಸನ್ನು ಒರಗಿಸಿದರೆ ನಡುಕ ನಿಲ್ಲುತ್ತದೆ. ಬಿಸಿಲೇರುವ ಮೊದಲೇ ಕೆಲಸ ಮುಗಿಸುವುದನ್ನೂ ಕಲಿತಿದ್ದಾನೆ. ಹತ್ತು ಗಂಟೆಯ ಮೇಲೆ ಕಾದ ನೆಲದಿಂದೇಳುವ ಬಿಸಿಗಾಳಿ ದೂರದ ಚಿತ್ರವನ್ನೆಲ್ಲ ಅಲುಗಿಸಿಬಿಡುತ್ತದೆ. ಅದನ್ನು ತಿದ್ದುವ ಗಾಜು ಇಲ್ಲ.

ಈ ವರ್ಷದ ಆರಂಭದಲ್ಲಿ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದನು. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಊರವರು ಅವನ್ನು ಮನೆಮಂದಿಯಂತೆ ಕಾಣುತ್ತಾರೆ. ಒಂದು ಮನೆಯ ಜಗಲಿಯ ಮೇಲೆ ಕುಳಿತು ಅಳಿಯನು ಕನ್ವರ್ಟರ್ ಕೂಡಿಸಿ ಮೇಲಕ್ಕೆ ನೋಡಿದನು. ಚೌಕಟ್ಟಿನಲ್ಲಿ ಹೆಜ್ಜಾರ್ಲೆಯ ಕೊಕ್ಕು ಮಾತ್ರ ಕಾಣುತ್ತಿತ್ತು. ನಗುತ್ತ ಅದನ್ನು ಕಳಚಿ, ಎರಡೂ ಕಡೆ ಮುಚ್ಚಳ ಹಾಕಿ, ಚೀಲದೊಳಗಿಟ್ಟನು. ಮನೆಯ ಯಜಮಾನಿತಿ ಮಜ್ಜಿಗೆ ತಂದುಕೊಟ್ಟರು. ಅಂದಿನ ಚಿತ್ರಗಳೆಲ್ಲವೂ ಬರಿಯ ಮುನ್ನೂರರಲ್ಲಿ ತೆಗೆದವು.